ನಂಬರ್ ಸರಿಯಿದ್ದರೆ ಕಣ್ಣು ಸರಿಯೇ?

ಬಸವನಗುಡಿಯ ಗಾಂಧಿ ಬಜಾರಿನ ಹೂವು, ಹಣ್ಣು, ಗ್ರಂಥಿಗೆ ಅಂಗಡಿಗಳನ್ನು ದಾಟಿ ಡಿ.ವಿ.ಜಿ. ರಸ್ತೆಯ ಕಡೆ ನಡೆದರೆ ಕನ್ನಡಕದ ಅಂಗಡಿಗಳೂ ಸಿಗುತ್ತವೆ. ‘ಕಂಪ್ಯೂಟರ್ ಕಣ್ಣಿನ ಪರೀಕ್ಷೆ ಉಚಿತ’ ಎನ್ನುವ ಬೋರ್ಡು ಬೆಂಗಳೂರಿಗೆ ಹೊಸದಲ್ಲ. ಗಲ್ಲ ಊರಿ, ಹಣೆ ಒತ್ತಿ, ಯಂತ್ರದೊಳಗೆ ರಸ್ತೆಯ ತುದಿಯಲ್ಲಿ ತೇಲುವ ಬಲೂನನ್ನು ನೋಡುತ್ತೇವೆ. ಅರೆನಿಮಿಷದಲ್ಲಿ ಚೀಟಿ ಹೊರಬರುತ್ತದೆ. ಮನೆಗೆ ಬಂದು ‘ಕಣ್ಣು ತೋರಿಸಿಕೊಂಡು ಬಂದೆ, ನಂಬರ್ ಬದಲಾಗಿಲ್ಲ, ಕಣ್ಣು ಚೆನ್ನಾಗಿದೆ’ ಎನ್ನುತ್ತೇವೆ. ನಂಬರಿನ ಮಾತು ನಿಜವಿರಬಹುದು. ಕಣ್ಣು ಚೆನ್ನಾಗಿದೆ ಎಂಬುದು ಮಾತ್ರ ಆ ಚೀಟಿಯಲ್ಲಿ ಎಲ್ಲೂ ಬರೆದಿರುವುದಿಲ್ಲ.

ಆ ಯಂತ್ರ ಕಣ್ಣಿನೊಳಗೆ ನಮಗೆ ಕಾಣದ ಅವಗೆಂಪು ಬೆಳಕನ್ನು ಬಿಟ್ಟು, ಅಕ್ಷಿಪಟಲದಿಂದ ಮರಳಿ ಬಂದ ಬೆಳಕನ್ನು ಲೆಕ್ಕ ಹಾಕಿ ಪವರ್ ಊಹಿಸುತ್ತದೆ. ಅದು ದರ್ಜಿ ಹಿಡಿದ ಅಳತೆ ಇದ್ದಂತೆ. ತೊಡಿಸಿ ನೋಡುವ ಕೆಲಸ ಇನ್ನೂ ಬಾಕಿ. ಒಂದೊಂದೇ ಲೆನ್ಸ್ ಬದಲಿಸುತ್ತಾ ‘ಇದು ಸ್ಪಷ್ಟವೋ, ಅದೋ’ ಎಂದು ಕೇಳಿ ನಿರ್ಧರಿಸಿದ್ದೇ ನಿಜವಾದ ನಂಬರ್. ಮಕ್ಕಳಲ್ಲಿ ಯಂತ್ರ ಇನ್ನೂ ಹೆಚ್ಚು ಎಡವುತ್ತದೆ. ಅವರ ಕಣ್ಣಿಗೆ ಹತ್ತಿರದ್ದನ್ನು ಹಿಡಿಯುವ ಶಕ್ತಿ ಅಪಾರ. ಯಂತ್ರದೊಳಗೆ ಇಣುಕುವಾಗಲೂ ಹಾಗೆ ಹಿಡಿಯುವ ಕಣ್ಣೊಳಗಿನ ಸ್ನಾಯು ಬಿಗಿಯುತ್ತದೆ, ಇಲ್ಲದ ಮೈನಸ್ ಚೀಟಿಯಲ್ಲಿ ಮೂಡುತ್ತದೆ, ಇರುವ ಪ್ಲಸ್ ಅಡಗುತ್ತದೆ. ಅದಕ್ಕೇ ಮಗುವಿಗೆ ಡ್ರಾಪ್ಸ್ ಹಾಕಿ, ಆ ಸ್ನಾಯುವನ್ನು ಸಡಿಲಿಸಿ ನೋಡಬೇಕು. ಒಂದು ದಿನ ಪುಸ್ತಕ ಮಸುಕಾಗುತ್ತದೆ, ಹೋಂವರ್ಕ್ ತಪ್ಪುತ್ತದೆ ಎಂದು ಈ ಪರೀಕ್ಷೆಯನ್ನು ತಪ್ಪಿಸಬಾರದು.

ಯಾರು ಪರೀಕ್ಷಿಸಿದರು ಎನ್ನುವುದೂ ಮುಖ್ಯ. ನೇತ್ರತಜ್ಞರು ಎಂಬಿಬಿಎಸ್ ಆದ ಮೇಲೆ ಕಣ್ಣಿನ ವೈದ್ಯಕೀಯ ಓದಿದವರು. ಔಷಧ, ಶಸ್ತ್ರಚಿಕಿತ್ಸೆ ಅವರ ಕೆಲಸ. ಆಪ್ಟೊಮೆಟ್ರಿಸ್ಟ್ ದೃಷ್ಟಿ ಪರೀಕ್ಷೆಯಲ್ಲಿ ಪದವಿ ಪಡೆದವರು. ರೋಗದ ಸುಳಿವು ಕಂಡರೆ ಗುರುತಿಸಿ ವೈದ್ಯರ ಬಳಿ ಕಳಿಸಬಲ್ಲವರು. ಆಪ್ಟಿಶಿಯನ್ ಚೀಟಿಯಂತೆ ಕನ್ನಡಕ ಹೊಂದಿಸಿ ಕೊಡುವವರು. ಕೋಟು ತೊಟ್ಟವರನ್ನೆಲ್ಲ ಡಾಕ್ಟರ್ ಎಂದುಕೊಳ್ಳುವುದು ಒಂದು ತಪ್ಪು. ಓದಿದ ಆಪ್ಟೊಮೆಟ್ರಿಸ್ಟನ್ನು ಬರೀ ಕನ್ನಡಕ ಮಾರುವವರೆಂದು ತಿಳಿಯುವುದು ಅಷ್ಟೇ ದೊಡ್ಡ ತಪ್ಪು. 2021ರ ರಾಷ್ಟ್ರೀಯ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಈ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ‘ನೀವು ಏನು ಓದಿದ್ದೀರಿ’ ಎಂದು ಕೇಳಲು ಸಂಕೋಚ ಬೇಡ.

‘ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿದರೆ ಅಭ್ಯಾಸವಾಗಿ ನಂಬರ್ ಏರುತ್ತದೆ’ ಎಂಬ ಮಾತಿನಿಂದ ಆಗುವ ನಷ್ಟ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಮೈನಸ್ ಏರುವುದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದರಿಂದ. ಮಗು ಬೆಳೆಯುತ್ತಿರುವಷ್ಟು ಕಾಲ ಅದೂ ಬೆಳೆಯುತ್ತದೆ, ಕನ್ನಡಕ ಹಾಕಿದರೂ ಹಾಕದಿದ್ದರೂ. ಸ್ವಲ್ಪ ಕಡಿಮೆ ಪವರ್ ಕೊಟ್ಟರೆ ಕಣ್ಣಿಗೆ ವ್ಯಾಯಾಮವಾಗುತ್ತದೆ ಎಂಬ ನಂಬಿಕೆಯನ್ನು ಮಲೇಷ್ಯಾದಲ್ಲಿ ಪರೀಕ್ಷಿಸಿ ನೋಡಿದರು; 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಡಿಮೆ ಪವರ್ ಕೊಟ್ಟ ಮಕ್ಕಳ ನಂಬರೇ ಬೇಗ ಏರಿತ್ತು. ಇನ್ನು ಒಂದೇ ಕಣ್ಣಿಗೆ ಹೆಚ್ಚು ಪವರ್ ಇರುವ ಮಗು ದೂರುವುದೇ ಇಲ್ಲ, ಇನ್ನೊಂದು ಕಣ್ಣು ಸಂಭಾಳಿಸುತ್ತಿರುತ್ತದೆ. ಮೆದುಳು ಮಸುಕಾದ ಕಣ್ಣಿನಿಂದ ನೋಡುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಬೇಕಾದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ತಿದ್ದಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ‘ದೊಡ್ಡವಳಾಗಲಿ, ನೋಡೋಣ’ ಎಂದು ಕಾದರೆ ಆಮೇಲೆ ಯಾವ ಕನ್ನಡಕವೂ ಆ ಕಣ್ಣಿಗೆ ಪೂರ್ತಿ ನೋಟ ಕೊಡಲಾರದು.

ನಂಬರಿನ ಓಟಕ್ಕೆ ತಡೆ ಬೇಕಿದ್ದರೆ ಮಕ್ಕಳನ್ನು ಬಯಲಿಗೆ ಕಳಿಸಿ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟರು. ಮೂರು ವರ್ಷದಲ್ಲಿ ಉಳಿದ ಶಾಲೆಗಳ 39.5% ಮಕ್ಕಳಿಗೆ ಮೈನಸ್ ಬಂದರೆ, ಈ ಶಾಲೆಗಳಲ್ಲಿ 30.4%. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕೃಷ್ಣರಾವ್ ಪಾರ್ಕು, ಬ್ಯೂಗಲ್ ರಾಕ್, ಲಾಲ್‌ಬಾಗ್ ಇಷ್ಟು ಹತ್ತಿರ ಇರುವಾಗ ಬಸವನಗುಡಿಯ ಮಕ್ಕಳು ಶಾಲೆಯಿಂದ ನೇರ ಟ್ಯೂಷನ್ನಿಗೆ ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಬೇಗ ಏರುತ್ತಿರುವ ನಂಬರಿಗೆ ಕಡಿಮೆ ಪ್ರಮಾಣದ ಅಟ್ರೊಪಿನ್ ಡ್ರಾಪ್ಸ್, ವಿಶೇಷ ಲೆನ್ಸುಗಳೂ ಇವೆ. ಅವು ವೇಗ ತಗ್ಗಿಸುತ್ತವೆ. ಬಂದ ನಂಬರನ್ನು ಹಿಂದಕ್ಕೆ ಕಳಿಸುವುದಿಲ್ಲ. ಕಣ್ಣಿನ ವ್ಯಾಯಾಮವೂ ಅದನ್ನು ಇಳಿಸುವುದಿಲ್ಲ.

ಹಿರಿಯರಲ್ಲಿ ಬೇರೊಂದು ಸಂಭ್ರಮ: ‘ಎಪ್ಪತ್ತು ದಾಟಿದೆ, ಈಗ ಚಾಳೀಸೇ ಬೇಡ, ಬರಿಗಣ್ಣಲ್ಲಿ ಪೇಪರ್ ಓದುತ್ತೇನೆ.’ ಮನೆಯವರಿಗೂ ಖುಷಿ. ಆದರೆ ಬಹಳ ಸಲ ಇದು ಪೊರೆಯ ಮೊದಲ ಗುರುತು. ಕಣ್ಣಿನೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತಾ ಹೋದಂತೆ ಅದರ ಶಕ್ತಿ ಹೆಚ್ಚಿ ಕಣ್ಣು ಮೈನಸ್ಸಿನ ಕಡೆ ಜಾರುತ್ತದೆ; ಹತ್ತಿರದ್ದು ಸಲೀಸು, ಎದುರಿಗೆ ಬರುವ ಬಸ್ಸಿನ ಬೋರ್ಡು ಮಸುಕು. ಸಕ್ಕರೆ ಏರುಪೇರಾದಾಗಲೂ ನಂಬರ್ ಹೀಗೆ ಓಲಾಡುತ್ತದೆ. ಸಕ್ಕರೆ ಹತೋಟಿಗೆ ಬರುವ ಮುನ್ನ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಪೊರೆ ಇದೆ ಎಂದು ತಿಳಿದ ಮೇಲೆ ಕೇಳುವ ಮಾತು ‘ಬಲಿಯಲಿ, ಆಮೇಲೆ ತೆಗೆಸೋಣ.’ ಒಂದು ಕಾಲಕ್ಕೆ ಇದು ತಿಳಿದವರ ಮಾತೇ ಆಗಿತ್ತು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಉಚಿತ ಶಿಬಿರ ನಡೆಸಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಸೇರಿದವರು. ಆ ದಿನಗಳ ರೂಢಿ ಇಡೀ ಮಸೂರವನ್ನೇ ತೆಗೆದುಬಿಡುವುದು. ಅದರ ಜಾಗಕ್ಕೆ ಏನನ್ನೂ ಇಡದೆ, ಪ್ಲಸ್ 10ರ ಆಸುಪಾಸಿನ ದಪ್ಪ ಕನ್ನಡಕ ಕೊಡುತ್ತಿದ್ದರು. ಅಂಥ ನೋಟಕ್ಕಿಂತ ಎಳೆಯ ಪೊರೆಯ ನೋಟವೇ ವಾಸಿ, ಕಾಯುವುದರಲ್ಲಿ ಅರ್ಥವಿತ್ತು. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರ ಕೂರಿಸಿದರು, ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಅಲ್ಟ್ರಾಸೌಂಡಿನಿಂದ ಪೊರೆ ಪುಡಿಮಾಡುವ ದಾರಿ ತೋರಿದರು. ಆ ಎರಡೂ ರೂಢಿಗೆ ಬಂದಿರುವ ಈಗ ಬಲಿತ ಪೊರೆಯೇ ಕಷ್ಟದ ಪೊರೆ. ಒಡೆಯಲು ಹೆಚ್ಚು ಶಕ್ತಿ ಬೇಕು, ಕಣ್ಣಿನ ಮುಂಭಾಗದ ಕಾರ್ನಿಯಾಕ್ಕೆ ಪೆಟ್ಟು ಹೆಚ್ಚು. ಕೆಲವರಲ್ಲಿ ಅದು ಊದಿ ಕಣ್ಣಿನ ಒತ್ತಡ ಏರಿ ನೋಟವೇ ಹೋಗುತ್ತದೆ. ಓದಲು, ಮೆಟ್ಟಿಲಿಳಿಯಲು, ಸಂಜೆ ರಸ್ತೆ ದಾಟಲು ತೊಡಕಾಯಿತೆಂದರೆ ಅದೇ ಸಮಯ. ಪೊರೆ ಕರಗಿಸುವ ಡ್ರಾಪ್ಸ್ ಯಾವುದೂ ಇಲ್ಲ. ದುಡ್ಡಿನ ಚಿಂತೆ ಇದ್ದವರಿಗೆ ಪಕ್ಕದ ಚಾಮರಾಜಪೇಟೆಯಲ್ಲಿ, 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ.

ಕಣ್ಣಿನ ನರ ಕೆಡಿಸುವ ಗ್ಲಾಕೊಮಾ ಬಂದವರ ನಂಬರ್ ಎಷ್ಟೋ ವರ್ಷ ಸರಿಯಾಗಿಯೇ ಇರುತ್ತದೆ. ನೋವಿಲ್ಲ, ಕೆಂಪಿಲ್ಲ, ಕೊನೆಯ ಸಾಲಿನ ಅಕ್ಷರವನ್ನೂ ಓದುತ್ತಾರೆ. ಅಂಚಿನ ನೋಟ ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ, ಹೋದದ್ದು ಮರಳದು. ಮಧುಮೇಹದಿಂದ ಅಕ್ಷಿಪಟಲ ಕೆಡುವುದೂ ಹೀಗೆಯೇ. ನಲವತ್ತಾದವರು ಕಣ್ಣಿನ ಒತ್ತಡ ಮತ್ತು ನರ ಪರೀಕ್ಷಿಸಿಕೊಳ್ಳಬೇಕು. ಮನೆಯಲ್ಲಿ ಯಾರಿಗಾದರೂ ಗ್ಲಾಕೊಮಾ ಇದ್ದರಂತೂ ತಡಮಾಡಬಾರದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಬೇಕು.

ಗ್ಲಾಕೊಮಾವನ್ನು ನಾವೇ ಕರೆತರುವ ದಾರಿಯೂ ಒಂದಿದೆ. ಧೂಳಿಗೆ, ಪರಾಗಕ್ಕೆ ಕಣ್ಣು ಉಜ್ಜಿ ಉಜ್ಜಿ ಕೆಂಪಾದ ಮಗುವಿಗೆ ಹೋದ ಸಲ ಬರೆದುಕೊಟ್ಟ ಡ್ರಾಪ್ಸನ್ನೇ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತರುವುದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಸೀಸೆಯ ಮೇಲಿದ್ದರೆ ಅದು ಸ್ಟೀರಾಯ್ಡ್. ಹಾಕಿದೊಡನೆ ಹಾಯೆನಿಸುತ್ತದೆ, ಅದೇ ಅಪಾಯ. ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರುತ್ತದೆ, ಪೊರೆಯೂ ಬರುತ್ತದೆ. ಇನ್ನು ಮನೆಮದ್ದು. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ತಂಪು, ತೊಂದರೆಯಿಲ್ಲ. ಅದರ ರಸ, ಜೇನು, ಎದೆಹಾಲು, ಹರಳೆಣ್ಣೆ ಕಣ್ಣಿನೊಳಗೆ ಬೀಳಬಾರದು. ಗಾಯವಾದ ಕಾರ್ನಿಯಾಕ್ಕೆ ಅವುಗಳಿಂದ ಸೋಂಕು ತಗುಲಿದರೆ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹೆಚ್ಚು ಹಣ ಕೊಡಬೇಡಿ. 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ ವಿಮರ್ಶೆಯಲ್ಲಿ, ಕಂಪ್ಯೂಟರ್ ನೋಡುವಾಗಿನ ಆಯಾಸ ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ.

ದಪ್ಪ ಕನ್ನಡಕದವರು ನೇತ್ರದಾನ ಮಾಡುವಂತಿಲ್ಲ ಎಂದು ಹಿಂಜರಿಯುವವರು ಇನ್ನೂ ಇದ್ದಾರೆ. ಕಸಿ ಮಾಡುವುದು ಮುಂಭಾಗದ ಕಾರ್ನಿಯಾವನ್ನು ಮಾತ್ರ. ನಂಬರ್, ಪೊರೆ ಆಪರೇಷನ್, ಸಕ್ಕರೆ ಕಾಯಿಲೆ ಯಾವುದೂ ಅಡ್ಡಿಯಲ್ಲ. 2006ರಲ್ಲಿ ನಟ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟರು. ಮೊದಲೇ ಹೆಸರು ನೋಂದಾಯಿಸಿರಲೇಬೇಕೆಂದಿಲ್ಲ, ಮನೆಯವರ ಒಪ್ಪಿಗೆ ಸಾಕು. ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬು ಕೊಡಿ.