ಹೆಸರು, ಹುಟ್ಟಿದ ದಿನಾಂಕ ಹಾಕಿದರೆ ಏಳು ತಲೆಮಾರಿನ ವಂಶವೃಕ್ಷ ಸಿಗುತ್ತದೆಯೇ?

‘ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕ ತುಂಬಿ, ಏಳು ತಲೆಮಾರಿನ ಹಿರಿಯರ ಹೆಸರು ಉಚಿತವಾಗಿ ಪಡೆಯಿರಿ’ ಎಂಬ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಗ್ರೂಪಿಗೆ ಬಂದ ದಿನವೇ ಬ್ರಹ್ಮಾವರದ ಚಿಕ್ಕಮ್ಮ ಫೋನ್ ಮಾಡಿದರು. ಅಷ್ಟರಲ್ಲಾಗಲೇ ಆಧಾರ್ ನಂಬರನ್ನೂ ತುಂಬಿ ಆಗಿತ್ತು. ಬಂದ ಉತ್ತರದಲ್ಲಿ ಅವರ ಅಪ್ಪನ ಹೆಸರು, ಅದರ ಮೇಲೆ ಗುರುತೇ ಇಲ್ಲದ ಮೂವರು ಶೆಟ್ಟರು. “ಇವ್ರೆಲ್ಲ ಯಾರ್ ಮಾರಾಯ್ತಿ?” ಎಂದು ಅವರ ಪ್ರಶ್ನೆ.

ಯಾರೋ ಏನೋ. ಅಂಥ ಪಟ್ಟಿ ತಯಾರಿಸಲು ಬೇಕಾದ ದಾಖಲೆ ಯಾವ ಕಂಪ್ಯೂಟರಿನಲ್ಲೂ ಇಲ್ಲ.

ಈ ಆಸೆ ಹುಟ್ಟುವುದಕ್ಕೆ ಅಮೆರಿಕದ ಉದಾಹರಣೆಯೂ ಒಂದು ಕಾರಣ. ಅಲ್ಲಿನವರು 19ನೇ ಶತಮಾನದ ಮುತ್ತಜ್ಜನನ್ನು ಮನೆಯಲ್ಲೇ ಕೂತು ಹುಡುಕುತ್ತಾರೆ, ನಿಜ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. 1850ರ ಗಣತಿಯಿಂದ ಮನೆಯ ಯಜಮಾನನದ್ದು ಮಾತ್ರವಲ್ಲ, ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರನ್ನೂ ಬರೆದಿದ್ದಾರೆ. 72 ವರ್ಷ ಕಳೆದ ಮೇಲೆ ಆ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿ ತೆರೆದದ್ದು 2022ರಲ್ಲಿ. ಆದರೆ ಅಲ್ಲೂ ಎಲ್ಲರಿಗೂ ಈ ಭಾಗ್ಯವಿಲ್ಲ. 1850 ಮತ್ತು 1860ರಲ್ಲಿ ಗುಲಾಮರಾಗಿದ್ದವರನ್ನು ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣವಷ್ಟೇ ಬರೆದು ಎಣಿಸಿದರು, ಹೆಸರು ಬರೆಯಲಿಲ್ಲ. ಅವರ ಮರಿಮಕ್ಕಳು ಇಂದಿಗೂ ಆ ಗೋಡೆಯ ಮುಂದೆ ನಿಲ್ಲುತ್ತಾರೆ.

ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಂದೊಂದು ಮನೆಯ ವಿವರ ಗೋಪ್ಯ. ಅದನ್ನು ಯಾವ ಆ್ಯಪ್ ಕೂಡ ನೋಡುವಂತಿಲ್ಲ.

ಅದಕ್ಕಿಂತ ದೊಡ್ಡ ತೊಡಕು, ಆ್ಯಪ್ ಹತ್ತುವ ಏಣಿಯೇ ಬೇರೆ. ಅದು ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೇಲೇರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಬಂಟರು, ಬಿಲ್ಲವರು, ಮೊಗವೀರರು ಸೇರಿ ಹಲವು ಸಮುದಾಯಗಳಲ್ಲಿ ನಡೆದುಬಂದದ್ದು ಅಳಿಯಸಂತಾನ. ಮಕ್ಕಳು ತಾಯಿಯ ಮನೆಗೆ ಸೇರಿದವರು. ‘ಬಳಿ’ ಬರುವುದೂ ತಾಯಿಯಿಂದ. ಮಕ್ಕಳಸಂತಾನದ ಬ್ರಾಹ್ಮಣರ ಮನೆಗಳಲ್ಲಿ ಗೋತ್ರ ಅಪ್ಪನಿಂದ ಬರುತ್ತದೆ, ಅಲ್ಲಿ ಲೆಕ್ಕ ಬೇರೆ. ಇನ್ನು ಶೆಟ್ಟಿ, ಪೂಜಾರಿ, ದೇವಾಡಿಗ ಇವೆಲ್ಲ ಸಾವಿರಾರು ಮನೆಗಳಿಗೆ ಸೇರಿದ ಹೆಸರುಗಳು. ಇಬ್ಬರು ಶೆಟ್ಟರನ್ನು ಹೆಸರು ನೋಡಿ ಒಂದೇ ಮನೆಗೆ ಸೇರಿಸಿದರೆ ಚಿಕ್ಕಮ್ಮನಿಗೆ ಬಂದಂಥ ಪಟ್ಟಿಯೇ ಬರುತ್ತದೆ.

ಸಣ್ಣ ಲೆಕ್ಕ ಮಾಡಿ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ಆರು ತಲೆಮಾರು ಹಿಂದೆ ಹೋದರೆ 64 ಮಂದಿ. ಸೋದರಿಕೆಯಲ್ಲಿ ಮದುವೆ ಆಗಿದ್ದರೆ ಸ್ವಲ್ಪ ಕಡಿಮೆ. ಈಗ ಮೂವತ್ತರ ಆಸುಪಾಸಿನಲ್ಲಿರುವವರಿಗೆ ಅದು ಸುಮಾರು 1850ರ ಕಾಲ. ಅಡ್ಡಹೆಸರು ಹಿಡಿದು ಹೊರಟರೆ ಆ 64ರಲ್ಲಿ ಸಿಗುವುದು ಒಬ್ಬರು.

ಡಿಎನ್‌ಎ ಪರೀಕ್ಷೆಗೂ ಮಿತಿ ಇದೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಮಗ ಅದನ್ನು ತನ್ನ ಮಕ್ಕಳಿಗೆ ದಾಟಿಸುವುದಿಲ್ಲ. ಬಳಿಯೂ ಸರಿಯಾಗಿ ಇದೇ ದಾರಿ ಹಿಡಿಯುತ್ತದೆ ಎನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ. ಆದರೆ ಪರೀಕ್ಷೆಯ ವರದಿಯಲ್ಲಿ ಬಳಿಯ ಹೆಸರಾಗಲಿ, ಮನೆಯ ಹೆಸರಾಗಲಿ ಇರುವುದಿಲ್ಲ.

ಹಾಗಾದರೆ ಎಲ್ಲಿ ಹುಡುಕುವುದು? ಮೊದಲು ಮೂಲಮನೆ, ಮೂಲ ನಾಗಬನ. ಒಂದೇ ಬನಕ್ಕೆ ನಡೆದುಕೊಳ್ಳುವ ಮನೆಗಳ ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಪಾಲುಪಟ್ಟಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಕವರುಗಳ ಲೆಕ್ಕದಲ್ಲಿ ಪಾಲು ಮಾಡಲು ದಾರಿ ಮಾಡಿತು. ಕವರು ಎಂದರೆ ಒಬ್ಬ ಹೆಂಗಸು ಮತ್ತು ಹೆಣ್ಣಿನ ಕಡೆಯಿಂದ ಬಂದ ಅವಳ ಸಂತತಿ. ಹಾಗಾಗಿ ಬೇರೆಲ್ಲೂ ಬರೆದಿರದ ಅಜ್ಜಿಯರ ಹೆಸರು ಆ ಕಾಲದ ಪಾಲುಪಟ್ಟಿಗಳಲ್ಲಿ ಸಿಗುವುದುಂಟು. ಭೂಮಿ ಇಲ್ಲದೆ ಗೇಣಿಗೆ ದುಡಿದ ಒಕ್ಕಲು ಮನೆಗಳವರು 1974ರ ಭೂಸುಧಾರಣೆಯ ನಂತರ ಕೊಟ್ಟ ಡಿಕ್ಲರೇಶನ್ ನೋಡಬೇಕು. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕವಿದೆ. ಆದರೆ 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದು ಬಹುತೇಕ ಚರ್ಚುಗಳು ಹಾಳಾದ್ದರಿಂದ ಅದಕ್ಕೂ ಹಿಂದಿನದು ಸಿಗುವುದು ಕಷ್ಟ.

ಊರಿನ ಹೆಸರಲ್ಲೂ ಎಡವಬೇಡಿ. ಬೈಂದೂರು, ಬ್ರಹ್ಮಾವರ ತಾಲೂಕಾದದ್ದು ತೀರಾ ಈಚೆಗೆ, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು, 1956ರವರೆಗೂ. ಹಳೆಯ ಕಡತದಲ್ಲಿ ‘ಬೈಂದೂರು ತಾಲೂಕು’ ಎಂದು ಹುಡುಕಿದರೆ ಏನೂ ಸಿಗದು.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪತ್ರವನ್ನು ಇದರೊಂದಿಗೆ ಬೆರೆಸಬೇಡಿ. ಅದು ವಾರಸುದಾರರು ಯಾರೆಂದು ತೋರಿಸುವ ಪತ್ರ, ಏಳು ತಲೆಮಾರಿನ ಇತಿಹಾಸವಲ್ಲ.

ಚಿಕ್ಕಮ್ಮನ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಸಿದ ಮೇಲೆ ನಾವಿಬ್ಬರೂ ಮನೆಯ ಟ್ರಂಕು ತೆಗೆದೆವು. 1954ರ ಪಾಲುಪಟ್ಟಿ ಒಂದಿತ್ತು. ಆಗ ಎಪ್ಪತ್ತು ದಾಟಿದ್ದ ಯಜಮಾನ್ತಿಯ ಅಜ್ಜಿಯ ಹೆಸರು ಅದರ ಮೊದಲ ಸಾಲಿನಲ್ಲೇ ಇದೆ. ಲೆಕ್ಕ ಹಾಕಿದರೆ ಆಕೆ 1840ರ ಆಚೀಚೆ ಹುಟ್ಟಿದವಳು. ಅವಳ ತಾಯಿಯ ಹೆಸರು ಎಲ್ಲೂ ಇಲ್ಲ. ಬೈಂದೂರು ಕಡೆಯ ಒಂದು ಮನೆಯವರೂ ನಮ್ಮ ಬನಕ್ಕೇ ಬರುತ್ತಾರಂತೆ. ನಾಗರಪಂಚಮಿಗೆ ತನು ಹಾಕಲು ಬಂದಾಗ ಕೇಳಬೇಕೆಂದು ಚಿಕ್ಕಮ್ಮ ಕಾದಿದ್ದಾರೆ.