ಮಗುವಿನ ಮನಸ್ಸು, ಮಗುವಿನ ನಡತೆ: ಶಾಲೆಯಲ್ಲಿ ಎರಡಕ್ಕೂ ಒಂದೇ ಆರೈಕೆ

ಮೈಗೆ ಜ್ವರ ಬಂದರೆ ಹಣೆ ಮುಟ್ಟಿ ತಿಳಿಯುತ್ತೇವೆ. ಮನಸ್ಸಿಗೆ ನೋವಾದರೆ ಎಳೆಯ ಮಗು ಅದನ್ನು ಮಾತಿನಲ್ಲಿ ಹೇಳಲಾರದು, ನಡತೆಯಲ್ಲಿ ತೋರಿಸುತ್ತದೆ. ಆ ನಡತೆಗೆ ಹಿರಿಯರಾದ ನಾವು ಹಟ, ತುಂಟತನ, ಸೋಮಾರಿತನ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ಕೆಲವು ವರ್ಷಗಳ ಹಿಂದೆ ಮೂರನೆಯ ತರಗತಿಯ ಬಾಲಕನೊಬ್ಬನನ್ನು ತಾಯಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ದಿನವೂ ಬೆಳಿಗ್ಗೆ ಹೊಟ್ಟೆನೋವು. ಅಗ್ನಿಮಾಂದ್ಯವೆಂದು ಭಾವಿಸಿ ಹಿಂಗ್ವಾಷ್ಟಕ ಚೂರ್ಣ ಕೊಟ್ಟೆವು. ಜಂತುಹುಳುವಿಗೂ ಔಷಧ ಕೊಟ್ಟೆವು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ. ಭಾನುವಾರವೂ ನೋವಿರುತ್ತದೆಯೇ ಎಂದು ಆಗ ಕೇಳಿದೆವು. “ಇಲ್ಲ ಡಾಕ್ಟ್ರೇ, ರಜೆಯಿದ್ದರೆ ಚೆನ್ನಾಗಿಯೇ ಇರುತ್ತಾನೆ” ಎಂದರು ತಾಯಿ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅಷ್ಟು ತಡವಾಗಿ ಕೇಳಿದ್ದು ನಮ್ಮ ತಪ್ಪು.

ವಿಚಾರಿಸಿದಾಗ ಸಂಗತಿ ಬಿಚ್ಚಿಕೊಂಡಿತು. ತಂದೆ ಮನೆ ಬಿಟ್ಟು ಹೋಗಿದ್ದರು. ಸಂಕೋಚದಿಂದ ತಾಯಿ ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಹುಡುಗ ಪಕ್ಕದವರನ್ನು ಹೊಡೆಯುತ್ತಿದ್ದ, ಪುಸ್ತಕ ಹರಿಯುತ್ತಿದ್ದ. ಶಿಕ್ಷೆಯೆಂದು ಅವನನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಮನೆಯ ಕಥೆ ಶಿಕ್ಷಕಿಗೆ ತಿಳಿಯದು, ಶಾಲೆಯ ಕಥೆ ತಾಯಿಗೆ ತಿಳಿಯದು, ವೈದ್ಯರಾದ ನಮಗೆ ಎರಡೂ ತಿಳಿಯದು. ಮೂವರೂ ಮಗುವಿನ ಹಿತವನ್ನೇ ಬಯಸಿದ್ದೆವು. ಆದರೆ ಒಟ್ಟಿಗೆ ಕುಳಿತಿರಲಿಲ್ಲ.

ಇದೇ ಕೊರತೆಯನ್ನು ಅಮೆರಿಕದ ಪ್ರಾಥಮಿಕ ಶಾಲೆಗಳೂ ಕಂಡವು. ಅಲ್ಲಿ ದಂಡನೆಗೆ ಬದಲಾಗಿ ಒಳ್ಳೆಯ ನಡತೆಯನ್ನು ಕಲಿಸಿ ಬೆಳೆಸುವ ಕ್ರಮವೊಂದು 1990ರ ದಶಕದಿಂದ ಬೆಳೆದುಬಂದಿದೆ. ಅದಕ್ಕೆ ಮೂರು ಹಂತಗಳು. ಮೊದಲನೆಯದು ಎಲ್ಲ ಮಕ್ಕಳಿಗೆ: ಸಾಲಿನಲ್ಲಿ ಹೇಗೆ ನಿಲ್ಲಬೇಕು, ಕೋಪ ಬಂದಾಗ ಏನು ಮಾಡಬೇಕು ಎಂಬುದನ್ನು ಮಗ್ಗಿಯಂತೆಯೇ ಕಲಿಸುವುದು. ಎರಡನೆಯದು ತುಸು ಹೆಚ್ಚು ಆಸರೆ ಬೇಕಾದ ಕೆಲವರಿಗೆ. ಮೂರನೆಯದು ತೀವ್ರ ತೊಂದರೆಯಿರುವ ಬೆರಳೆಣಿಕೆಯ ಮಕ್ಕಳಿಗೆ, ಒಬ್ಬೊಬ್ಬರಿಗೂ ಪ್ರತ್ಯೇಕ ಯೋಜನೆ. ಆದರೆ ಮನೋಚಿಕಿತ್ಸಕರು ಬಹುಪಾಲು ಹೊರಗಿನಿಂದ ಬಂದು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಆದ್ದರಿಂದ ಮುಂದೆ ಎರಡನ್ನೂ ಬೆಸೆದು, ಶಿಕ್ಷಕರು, ಆಪ್ತಸಮಾಲೋಚಕರು ಮತ್ತು ಪೋಷಕರು ಒಂದೇ ತಂಡವಾಗಿ ಕುಳಿತು ಒಂದೇ ಯೋಜನೆ ಮಾಡುವ ಚೌಕಟ್ಟನ್ನು ರೂಪಿಸಿದರು.

ಆಯುರ್ವೇದಕ್ಕೆ ಈ ವಿಚಾರ ಅಪರಿಚಿತವಲ್ಲ. ಚರಕಾಚಾರ್ಯರು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು. ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದೇ ಅದರ ಸಾರ. ಅಳುವ, ಉಣ್ಣದ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಅದೇ ಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಇಂದಿಗೂ “ಗುಮ್ಮ ಬಂತು” ಎನ್ನುವ ನಾವು ಇದನ್ನು ಮನಗಾಣಬೇಕು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ.

ನಮ್ಮ ನಾಡಿನಲ್ಲಿ ನೆರವಿಗೆ ದಾರಿಗಳಿವೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತವೆ. ಕಲಿಕೆ ಮತ್ತು ನಡತೆಯ ತೊಂದರೆಗಳೂ ಅವರ ತಪಾಸಣೆಯಲ್ಲಿ ಸೇರಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಶಾಲೆ ಮಾಡಬಹುದಾದ ಸರಳ ಕೆಲಸವೆಂದರೆ ಒಂದು ನೋಟ್‌ಬುಕ್ ಇಡುವುದು. ಮಗು ಯಾವಾಗ, ಎಲ್ಲಿ ಕೆರಳಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಎರಡು ವಾರ ಬರೆದರೆ ಕಾರಣ ತಾನಾಗಿ ಗೋಚರಿಸುತ್ತದೆ. ಪೋಷಕರು ಗಮನಿಸಬೇಕಾದ ಲಕ್ಷಣಗಳು ಇವು: ಶಾಲೆಯ ದಿನಗಳಲ್ಲಿ ಮಾತ್ರ ಬರುವ ತಲೆನೋವು, ಹೊಟ್ಟೆನೋವು, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ನಿದ್ರೆಗೇಡು, ಗೆಳೆಯರಿಂದ ದೂರ ಸರಿಯುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು. ಸಾಯುವ ಮಾತನ್ನು ಮಗು ಆಡಿದರೆ ಒಂದು ದಿನವೂ ಕಾಯದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಬ್ರಾಹ್ಮೀ ಘೃತವೋ ತಾಯಿತವೋ ಸಾಕೆಂದು ಕಾಲ ಕಳೆಯಬೇಡಿ. ವೈದ್ಯರಾಗಿಯೇ ಈ ಮಾತು ಹೇಳುತ್ತಿದ್ದೇವೆ.

ಆ ಬಾಲಕನ ವಿಷಯಕ್ಕೆ ಬರೋಣ. ತಾಯಿಯ ಒಪ್ಪಿಗೆ ಪಡೆದು ನಾವೂ ಶಿಕ್ಷಕಿಯೂ ಮಾತನಾಡಿದೆವು. ಹೊರಗೆ ನಿಲ್ಲಿಸುವುದು ನಿಂತಿತು. ಬೆಳಿಗ್ಗೆ ಸೀಮೆಸುಣ್ಣ ತಂದಿಡುವ, ಹಾಜರಿ ಪುಸ್ತಕ ಒಯ್ಯುವ ಕೆಲಸ ಅವನದಾಯಿತು. ಸಿಟ್ಟು ಬಂದರೆ ಹೊಡೆಯುವ ಬದಲು ಶಿಕ್ಷಕಿಯ ಮೇಜಿನ ಬಳಿ ಬಂದು ನಿಲ್ಲಬಹುದೆಂದು ಹೇಳಿಕೊಟ್ಟರು. ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕರು ತಾಯಿ ಮಗ ಇಬ್ಬರನ್ನೂ ಕಂಡರು. ಅವರ ಸಲಹೆ ಶಿಕ್ಷಕಿಗೂ ತಲುಪಿತು. ಜಗಳ ಪೂರ್ಣವಾಗಿ ನಿಂತಿತೆಂದು ಹೇಳಲಾರೆವು. ಹೊಟ್ಟೆನೋವು ಮಾತ್ರ ಕ್ರಮೇಣ ಮರೆಯಾಯಿತು, ಚೂರ್ಣವಿಲ್ಲದೆಯೇ.

ಅನ್ನ, ಅಕ್ಷರಗಳ ದಾಸೋಹವನ್ನು ನಮ್ಮ ಮಠಗಳು ತಲೆತಲಾಂತರದಿಂದ ನಡೆಸಿಕೊಂಡು ಬಂದಿವೆ. ಮನೆಬಿಟ್ಟು ಬಂದು ಪ್ರಸಾದನಿಲಯದಲ್ಲಿ ಮಲಗುವ ಎಳೆಯ ಮಗುವಿಗೆ ಕಿವಿಗೊಡುವುದೂ ದಾಸೋಹವೇ. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಗಳನ್ನು ಕೇಳುವ ಮೊದಲು, “ನಮ್ಮ ಮಗು ತರಗತಿಯಲ್ಲಿ ಸಂತೋಷವಾಗಿದೆಯೇ?” ಎಂದು ಕೇಳಿರಿ.