ನಿಲ್ದಾಣದ ಗೋಡೆಗೆ ಬಂದ ಚಿತ್ರಗಳು

1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ ಕ್ಯಾಮೆರಾ ಕಟ್ಟಿಸಿಕೊಂಡು ಹಳೇಬೀಡು, ಬೇಲೂರು, ಶ್ರವಣಬೆಳಗೊಳದತ್ತ ಹೊರಟ. ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳುತ್ತಿದ್ದ ಕಾಲ ಅದು. ಮರುವರ್ಷ ಮದ್ರಾಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಆ ಪ್ರವಾಸದ 68 ಚಿತ್ರಗಳನ್ನು ಜನರ ಮುಂದಿಟ್ಟ. ಅವಕ್ಕೆ ಮೊದಲ ದರ್ಜೆಯ ಪದಕವೂ ಸಿಕ್ಕಿತು.

2016ರಲ್ಲಿ ಅದೇ ಮದ್ರಾಸಿನಲ್ಲಿ, ಎಂದರೆ ಇಂದಿನ ಚೆನ್ನೈಯಲ್ಲಿ, ಇನ್ನೊಂದು ಬಗೆಯ ಪ್ರದರ್ಶನ ಶುರುವಾಯಿತು. ಹೆಸರು ಚೆನ್ನೈ ಫೋಟೊ ಬಿಯೆನಾಲೆ, ಎಂದರೆ ಎರಡು ವರ್ಷಕ್ಕೊಮ್ಮೆಯ ಛಾಯಾಚಿತ್ರೋತ್ಸವ. ಛಾಯಾಗ್ರಾಹಕ ವರುಣ್ ಗುಪ್ತಾ ಮತ್ತು ಗೆಳೆಯರು ಗೋಥೆ ಇನ್‌ಸ್ಟಿಟ್ಯೂಟ್ ಜೊತೆಗೂಡಿ ಇದನ್ನು ಕಟ್ಟಿದರು. ಚಿತ್ರಗಳು ಗ್ಯಾಲರಿಯಲ್ಲಷ್ಟೇ ಉಳಿಯಲಿಲ್ಲ, ಮೈಲಾಪುರದ ತಿರುಮೈಲೈ ರೈಲು ನಿಲ್ದಾಣಕ್ಕೂ ಬಂದವು. ಆಫೀಸಿಗೆ ಓಡುವವರು, ತರಕಾರಿ ಚೀಲ ಹಿಡಿದವರು, ಕಪಾಲೀಶ್ವರನ ದರ್ಶನಕ್ಕೆ ಬಂದವರು ಹಾದುಹೋಗುವ ಜಾಗವದು. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವವರಿಗೂ ಇಲ್ಲಿ ಅಳುಕಿಲ್ಲ.

2019ರ ಎರಡನೇ ಆವೃತ್ತಿಯ ಹೊಣೆ ಹೊತ್ತವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಮರೀನಾ ಎದುರಿನ ಸೆನೆಟ್ ಹೌಸ್ ಆ ಸಲ ಮುಖ್ಯ ತಾಣವಾಯಿತು. ರಾಬರ್ಟ್ ಚಿಸಮ್ ವಿನ್ಯಾಸದ, 1870ರ ದಶಕದ ಈ ವಿಶ್ವವಿದ್ಯಾಲಯ ಭವನದೊಳಕ್ಕೆ ಸಾಮಾನ್ಯ ದಿನಗಳಲ್ಲಿ ಜನರಿಗೆ ಕಾಲಿಡುವ ಅವಕಾಶವೇ ಅಪರೂಪ. ಚಿತ್ರ ನೋಡಲು ಬಂದವರು ತಮ್ಮದೇ ಊರಿನ ಕಟ್ಟಡವನ್ನೂ ಕಣ್ತುಂಬ ನೋಡಿದರು.

ಪುಷ್ಪಮಾಲಾ ಆಯ್ಕೆಯಾದದ್ದರಲ್ಲಿ ಔಚಿತ್ಯವಿತ್ತು. ಶಿಲ್ಪ ಕಲಿತು ಛಾಯಾಚಿತ್ರಕ್ಕೆ ಹೊರಳಿದ ಅವರು, ಬೆಂಗಳೂರಿನಲ್ಲಿದ್ದ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಣ್ಣುಗಳ ಕುರಿತು ಒಂದು ಸರಣಿ ಮಾಡಿದ್ದರು. ಅದರ ಒಂದು ಚಿತ್ರದಲ್ಲಿ ಅವರೇ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ. ಇನ್ನೊಂದರಲ್ಲಿ ತೊದ ಬುಡಕಟ್ಟಿನ ಹೆಣ್ಣು: ಹಿಂದೆ ಕಪ್ಪು-ಬಿಳಿ ಚೌಕುಳಿ ಪರದೆ. ವಸಾಹತು ಕಾಲದ ಅಧಿಕಾರಿಗಳು ಆದಿವಾಸಿಗಳನ್ನು ಇಂಥ ಪರದೆಯ ಮುಂದೆ ನಿಲ್ಲಿಸಿ, ಚೌಕಗಳ ಲೆಕ್ಕದಲ್ಲಿ ಮೈ ಅಳೆಯುತ್ತಿದ್ದರು. ಆ ಕ್ಯಾಮೆರಾದ ಮುಂದೆ ನಿಂತವರಿಗೆ ಮಾತಿರಲಿಲ್ಲ. ಪುಷ್ಪಮಾಲಾ ತಾವೇ ಅಲ್ಲಿ ನಿಂತು, ನೋಡುವವರ ಕಣ್ಣನ್ನೇ ಪ್ರಶ್ನೆಗೆ ಒಡ್ಡಿದರು.

ಛಾಯಾಚಿತ್ರೋತ್ಸವಗಳು ಸಮಾಜಕ್ಕೆ ಮಾಡಿಕೊಡುವ ದೊಡ್ಡ ಕೆಲಸ ಇದೇ. ಯಾರು ಯಾರ ಚಿತ್ರ ತೆಗೆದರು, ತೆಗೆದದ್ದನ್ನು ನೋಡುವ ಹಕ್ಕು ಯಾರದು ಎಂಬ ಮಾತು ಅಲ್ಲಿ ಬಹಿರಂಗಕ್ಕೆ ಬರುತ್ತದೆ. ಢಾಕಾದ ‘ಛೊಬಿ ಮೇಳ’ ಈ ದಾರಿಯಲ್ಲಿ ಹಿರಿಯಣ್ಣ. ಶಹೀದುಲ್ ಆಲಂ ಅವರ ದೃಕ್ ಸಂಸ್ಥೆ ಎರಡು ದಶಕಗಳ ಹಿಂದೆಯೇ ಶುರುಮಾಡಿದ ಆ ಉತ್ಸವದಲ್ಲಿ ಚಿತ್ರಗಳು ಸೈಕಲ್ ರಿಕ್ಷಾ ವ್ಯಾನ್ ಏರಿ ಬೀದಿಬೀದಿ ಸುತ್ತುತ್ತವೆ. ಜನರನ್ನು ಚಿತ್ರದ ಬಳಿಗೆ ಕರೆಯುವ ಬದಲು ಚಿತ್ರವೇ ಜನರ ಬಳಿಗೆ ಹೋಗುತ್ತದೆ.

ಚೆನ್ನೈ ಉತ್ಸವ ಕ್ಯಾಮೆರಾವನ್ನು ಮಕ್ಕಳ ಕೈಗೂ ಕೊಟ್ಟಿದೆ. ಶಾಲೆಗಳಲ್ಲಿ ಛಾಯಾಗ್ರಹಣದ ಪಾಠ ನಡೆಸಿ, ಮಕ್ಕಳು ತೆಗೆದ ಚಿತ್ರಗಳನ್ನು ಪ್ರದರ್ಶನಕ್ಕೆ ತಂದಿದೆ. 2024ರ ಡಿಸೆಂಬರಿನಲ್ಲಿ ಆರಂಭವಾದ ನಾಲ್ಕನೇ ಆವೃತ್ತಿಯ ಹೂರಣ ಒಂದೇ ಪ್ರಶ್ನೆ: ಫೋಟೊ ಯಾಕೆ ತೆಗೆಯಬೇಕು? ಉತ್ತರಿಸಲು ಕರೆದದ್ದು ದೊಡ್ಡ ಹೆಸರಿನವರನ್ನಷ್ಟೇ ಅಲ್ಲ. ಮಕ್ಕಳು ತೆಗೆದ ಚಿತ್ರಗಳಿಗೂ ಆ ಉತ್ಸವದಲ್ಲಿ ಜಾಗವಿತ್ತು.